ಮಂಗಳವಾರದ ಕೋಣೆ, ಗುರುವಾರದ ಕೋಣೆ

ಹಾ ಮೊಖೆಲೆ, ಲೆಸೊಥೊ
೧೪ ಜೂನ್ ೨೦೦೭

ತಮ್ಮ ತ್ಸೆಲಿಸೊನಿಗೆ ಅಕ್ಕನ ಪ್ರೀತಿ.

ಹೇಗಿದ್ದೀಯ? ಗಣಿಯ ಅಡುಗೆ ಬಾಯಿಗೆ ಸೇರುತ್ತಿದೆಯೇ? ಇಲ್ಲಿ ಚಳಿಗಾಲ ಹಿಡಿದಿದೆ, ಮೂರು ದಿನದಿಂದ ಹಿಮ ಬೀಳುತ್ತಿದೆ. ಅಮ್ಮನ ಮೊಣಕಾಲು ನೋವು ಹಾಗೇ ಇದೆ. ನಿನ್ನ ಮಗಳು ಸೆನಾಟೆ ಮೆಕ್ಕೆಜೋಳದ ಮುದ್ದೆ ಉಂಡು ನನ್ನ ಕಂಬಳಿಯಲ್ಲೇ ಮಲಗುತ್ತಾಳೆ, ತಾಯಿಯನ್ನು ಕೇಳುವುದನ್ನು ಬಿಟ್ಟಿದ್ದಾಳೆ.

ನಿನ್ನೆ ಜಿಲ್ಲೆಯ ಅಧಿಕಾರಿಗಳು ಚಿಕಿತ್ಸಾಲಯಕ್ಕೆ ಬಂದಿದ್ದರು. ಕ್ಷಯ ನೋಡುವವರೂ ಎಚ್‌ಐವಿ ನೋಡುವವರೂ ಮೊದಲ ಸಲ ಒಂದೇ ಬೆಂಚಿನಲ್ಲಿ ಕುಳಿತರು. ಊರಿನ ಆರೋಗ್ಯ ಕಾರ್ಯಕರ್ತೆ ಎಂದು ನನ್ನನ್ನೂ ಮಾತಾಡಲು ಕರೆದರು. ನಾನು ನಿನ್ನ ಹೆಂಡತಿಯ ಕಥೆಯನ್ನೇ ಹೇಳಿದೆ. ಕುದುರೆಯ ಮೇಲೆ ಲಿಪುವೊಳನ್ನು ನಾಲ್ಕು ಸಲ ಬೆಟ್ಟ ಇಳಿಸಿದ್ದೆ. ಮಂಗಳವಾರದ ಕ್ಷಯದ ಕೋಣೆಯಲ್ಲಿ, "ಕಫದಲ್ಲಿ ಏನೂ ಸಿಕ್ಕಿಲ್ಲ, ಇದು ಆ ಕಡೆಯವರ ಕಾಯಿಲೆ" ಎಂದರು. ಗುರುವಾರದ ಕೋಣೆಯಲ್ಲಿ ರಕ್ತ ನೋಡಿ ಎಚ್‌ಐವಿ ಇದೆಯೆಂದರು, ಆದರೆ "ಇಷ್ಟು ಕೆಮ್ಮು ಇಟ್ಕೊಂಡು ಮಾತ್ರೆ ಶುರು ಮಾಡಕ್ಕಾಗಲ್ಲ, ಕ್ಷಯದವರು ಬರ್ಕೊಡ್ಲಿ" ಎಂದರು. ಮೂರನೇ ಸಲ ವಾಪಸ್ಸು ಬರುವಾಗ ಅವಳು ಕುದುರೆಯ ಕುತ್ತಿಗೆಗೆ ಒರಗಿ, "ಎದೆ ಮಂಗಳವಾರದವರದ್ದು, ರಕ್ತ ಗುರುವಾರದವರದ್ದು. ಬುಧವಾರ ಸತ್ರೆ ಯಾರ ಪುಸ್ತಕದಲ್ಲಿ ಬರೀತಾರಕ್ಕಾ?" ಎಂದು ನಕ್ಕಿದ್ದಳು. ಏಪ್ರಿಲ್‌ನಲ್ಲಿ ಅವಳನ್ನು ಮಣ್ಣು ಮಾಡಲು ನೀನೇ ಬಂದೆಯಲ್ಲ.

ನಾನು ಮಾತು ಮುಗಿಸಿದಾಗ ನರ್ಸ್ ಕಣ್ಣೊರೆಸಿಕೊಂಡು, "ನಮಗೆ ಕೊಟ್ಟ ನಿಯಮ ಹಂಗೇ ಇತ್ತು ಕಣಕ್ಕಾ" ಎಂದಳು. ಅವಳು ಕೆಟ್ಟವಳಲ್ಲ. ಮುಂದಿನ ತಿಂಗಳಿಂದ ಒಂದೇ ಕೋಣೆ, ಒಂದೇ ದಿನ, ಒಂದೇ ಪುಸ್ತಕವಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನಮ್ಮೂರಲ್ಲಿ ಹಾಗೆ ಅಲೆಯುತ್ತಿದ್ದವರು ಒಂಬತ್ತು ಜನ, ಈಗ ಉಳಿದವರು ಮೂವರು. ಅವರಲ್ಲಿ ಇಬ್ಬರಿಗೆ ಕುದುರೆಯ ಮೇಲೆ ಕೂರುವ ಶಕ್ತಿಯೂ ಇಲ್ಲ. ಸಿಹಿ ಸುದ್ದಿ ಎಂದು ಮನೆಮನೆಗೆ ಹೋಗಿ ಹೇಳಬೇಕಂತೆ. ನನಗೆ ಕಾಲೇ ಬರುತ್ತಿಲ್ಲ.

ಅಮ್ಮ ನಿನ್ನನ್ನು ಹರಸಿದ್ದಾಳೆ. ಹಿರಿಯರು ನಿನ್ನನ್ನು ನೆಲದಡಿಯಲ್ಲಿ ಕಾಯಲಿ.

ನಿನ್ನ ಅಕ್ಕ,
ಪುಸೆಲೆಟ್ಸೊ

ಮರೆತ ಮಾತು: ನೀನು ಬಿಟ್ಟುಹೋದ ಕೋಟನ್ನು ಒಗೆಯುವಾಗ ಗಣಿ ಆಸ್ಪತ್ರೆಯ ಕಾಗದ ಸಿಕ್ಕಿತು. ನಿನಗೆ ಕ್ಷಯ, ಎಚ್‌ಐವಿ ಎರಡೂ ಇವೆ, ಹೆಂಡತಿಯನ್ನೂ ಪರೀಕ್ಷೆಗೆ ಕರೆತಾ ಎಂದು ಬರೆದಿದೆ. ಎರಡು ವರ್ಷ ಹಳೆಯ ತಾರೀಖು. ಅಮ್ಮನಿಗೆ ಹೇಳಿಲ್ಲ. ಬರುವ ಮಂಗಳವಾರ, ಗುರುವಾರ ಎರಡೂ ದಿನ ಸೆನಾಟೆಯನ್ನು ಪರೀಕ್ಷೆಗೆ ಕರೆದೊಯ್ಯುತ್ತೇನೆ, ನೀನು ಮಾತ್ರೆ ನುಂಗುತ್ತಿದ್ದೀಯೋ ಇಲ್ಲವೋ ಬರೆ. ನಾಲ್ಕು ಸಲವೂ ನರ್ಸ್, "ಗಂಡನಿಗೆ ಏನಾದ್ರೂ ಇದೆಯಾ?" ಎಂದು ಲಿಪುವೊಳನ್ನು ಕೇಳಿದ್ದಳು. ನಾಲ್ಕು ಸಲವೂ ಅವಳು, "ಇಲ್ಲ, ಇದ್ದಿದ್ರೆ ನಂಗೆ ಹೇಳ್ತಿದ್ದ" ಎಂದಳು.