ಅಚ್ಚಿನೊಳಗೆ ಪುಣ್ಯಾಹದ ನೀರು

ಹೊನ್ನೇಶ,

ಎದ್ದ ಕೂಡಲೇ ಒಲೆಯ ಹತ್ತಿರ ಹೋಗಬೇಡ. ಮೊದಲು ಇದನ್ನು ಪೂರ್ತಿ ಓದು.

ನಿನ್ನೆ ಅಮ್ಮನ ಸೂತಕ ಕಳೆದು ಪುಣ್ಯಾಹವಾದ ಮೇಲೆ ನೀನು ಪುರೋಹಿತರನ್ನು ಬಸ್ಸು ಹತ್ತಿಸಲು ಹೋದೆಯಲ್ಲ, ಆಗ ಉಳಿದ ನೀರನ್ನು ನಾನೇ ನಿನ್ನ ಕೋಣೆಗೂ ಚಿಮುಕಿಸಿದೆ. ನೀನು ಪ್ಲಾಸ್ಟಿಕ್ ಕಾಯಿಸಿ ಗಾಳಕ್ಕೆ ಸಿಕ್ಕಿಸುವ ರಬ್ಬರ್ ಮೀನು ಎರೆಯುವ ಅಚ್ಚುಗಳು ತೆರೆದಿದ್ದವು. ಅವಕ್ಕೂ ಮಾವಿನೆಲೆಯಲ್ಲಿ ಚಿಮುಕಿಸಿ, ಮುಚ್ಚಿ, ತಿರುಪು ಬಿಗಿದುಬಿಟ್ಟೆ. ಕಾದ ಪ್ಲಾಸ್ಟಿಕ್ಕಿಗೆ ನೀರಿನ ಹನಿ ತಗುಲಿದರೆ ಮುಖಕ್ಕೇ ಸಿಡಿಯುತ್ತದೆಂದು ನೀನು ಹೇಳಿದ್ದು ಈಗ ನೆನಪಾಯಿತು. ಬಿಚ್ಚೋಣವೆಂದರೆ ನನ್ನ ಕೈಗೆ ತಿರುಪು ಜಗ್ಗುತ್ತಿಲ್ಲ.

"ಅಮ್ಮ ಇದ್ದಿದ್ರೆ ಕೆಲ್ಸ ನಿಲ್ಲಿಸ್ಬೇಡ ಅಂತಿದ್ಲು ಕಣಪ್ಪಾ" ಎಂದು ಸೂತಕದುದ್ದಕ್ಕೂ ನನ್ನ ಮೇಲೆ ಹಾರಾಡಿದೆ. ಇವತ್ತು ತಡೆಯುವವರಿಲ್ಲ. ಮೀನಿನ ಹೊಟ್ಟೆಗೆ ಬಿಳಿ ಹೊಯ್ದು, ಅದು ಆರುವ ಮೊದಲೇ ಬೆನ್ನಿಗೆ ಹಸಿರು ಹೊಯ್ಯುವ ಆತುರದಲ್ಲಿ ನೀನು ಅಚ್ಚಿನೊಳಗೆ ಇಣುಕಿಯೂ ನೋಡುವವನಲ್ಲ.

ಅಮ್ಮ ಹೋದಾಗಿನಿಂದ ನಿನಗೆ ನಿದ್ದೆ ಹತ್ತಿದ್ದು ಇವತ್ತೇ. ಎಬ್ಬಿಸಲು ಮನಸ್ಸು ಬರಲಿಲ್ಲ. ಅವಳು ಹೊತ್ತ ಹರಕೆಯ ಸೀರೆಯನ್ನು ಅಂತರಘಟ್ಟಮ್ಮನಿಗೆ ಒಪ್ಪಿಸಿ ಬರುತ್ತೇನೆ. ಬಸ್ಸಿಗೆ ಹೊತ್ತಾಯಿತು.

ಅಚ್ಚುಗಳನ್ನು ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ದಿನವಿಡೀ ಬಿಸಿಲಿಗಿಡು. ಫ್ಲಾಸ್ಕಿನಲ್ಲಿ ಕಾಫಿ ಇದೆ. ರೊಟ್ಟಿ ಮುಚ್ಚಿಟ್ಟಿದ್ದೇನೆ, ನನ್ನ ಕೈಯದು, ದಪ್ಪ ಆಗಿದೆ, ತಿನ್ನು.

ಗ್ಯಾಸಿನ ರೆಗ್ಯುಲೇಟರ್ ಹುಡುಕಬೇಡ. ಬಿಚ್ಚಿ ನನ್ನ ಚೀಲಕ್ಕೆ ಹಾಕಿಕೊಂಡಿದ್ದೇನೆ. ಬೈಯುವುದಿದ್ದರೆ ಸಂಜೆ ಬೈ, ಎರಡು ಕಣ್ಣೂ ಬಿಟ್ಟುಕೊಂಡು ನನ್ನ ಮುಖ ನೋಡಿ ಬೈ.

ಅಪ್ಪ