ಟವೆಲ್ಲಿನ ಕೆಳಗಿನ ಕರೆಂಟು

ಮಾನ್ವಿ
ನವೆಂಬರ್ ೨೦, ೨೦೨೪

ಪ್ರೀತಿಯ ತಮ್ಮ ಆಂಜನೇಯನಿಗೆ ಅಕ್ಕನ ಆಶೀರ್ವಾದ.

ಆರೋಗ್ಯ ಹೇಗಿದೆ? ರಾಯಚೂರು ಜೈಲಿನ ಊಟ ಹೊಟ್ಟೆಗೆ ಒಗ್ಗಿತೇ? ಕೇಳಬಾರದು ಎಂದುಕೊಂಡಿದ್ದೆ, ಆದರೆ ನಿನ್ನನ್ನು ಎತ್ತಿ ಆಡಿಸಿದವಳು ನಾನು, ಮನಸ್ಸು ಕೇಳುವುದಿಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದ್ದೇನೆ. ಮೊದಲು ತಿನ್ನು. ಮುಂದಿನದನ್ನು ಓದಿದ ಮೇಲೆ ಗಂಟಲಲ್ಲಿ ಇಳಿಯಲಿಕ್ಕಿಲ್ಲ.

ಸತ್ತಾರ್ ಸಾಬರ ಬಲಗೈ ಎರಡು ಕಡೆ ಮುರಿದಿದೆ. ಚೀಲ ಎತ್ತುವ ಕೊಕ್ಕೆಯಿಂದ ಮನುಷ್ಯರನ್ನು ಹೊಡೆಯುತ್ತಾರೇನೋ ಹುಚ್ಚಪ್ಪಾ? ನಮ್ಮ ಅಕ್ಕಿ ಗಿರಣಿಗೆ ಸೋಲಾರ್ ಕರೆಂಟು ಕೊಳ್ಳುವ ಕರಾರನ್ನು ಸಹಿಗೆ ಮುಂಚೆ ಓದಿ ಹೇಳಿ ಎಂದು ಕರೆಂಟಿನ ವ್ಯವಹಾರ ಬಲ್ಲ ಅವರನ್ನು ಕರೆಸಿದವಳು ನಾನು. ಸಲಹೆಗೆ ಫೀ ಕೇಳಿದರು, ಅಷ್ಟಕ್ಕೇ ನಿನ್ನ ಕಣ್ಣಿಗೆ ಕಳ್ಳರಾದರು. ಆ ಕರಾರು ತಂದು ಬಿಡಿಗಾಸೂ ಕೇಳದ ಕನಕರಾಯ ದೇವರಾದ. ದೇವದುರ್ಗದ ಸಂತೆಯಲ್ಲಿ ಅಪ್ಪನಿಗೆ ಎತ್ತು ಕೊಡಿಸಿದ ದಲ್ಲಾಳಿ ಅವನು, ಒಪ್ಪಿದೆ. ಅದಕ್ಕೆ ಕರೆಂಟಿನ ದರವನ್ನೂ ಎತ್ತಿನ ಬೆಲೆಯಂತೆ, ಯಾರಿಗೂ ಕಾಣದ ಹಾಗೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಮುಗಿಸುವುದೇ? ಎತ್ತಿಗಾದರೆ ಬಾಯಿ ತೆರೆಸಿ ಹಲ್ಲು ನೋಡುತ್ತೀ. ಇಲ್ಲಿ ಏನು ನೋಡಿದೆ? ಭತ್ತವಿಲ್ಲದೆ ಗಿರಣಿ ಮುಚ್ಚಿದ ತಿಂಗಳಲ್ಲೂ ಪೂರ್ತಿ ಬಿಲ್ಲು ಕಟ್ಟಬೇಕು, ಕನಕರಾಯನಿಗೆ ಕಂಪನಿ ಕೊಡುವ ಕಮಿಷನ್ ನಮ್ಮ ದರದಲ್ಲೇ ಸೇರಿದೆ ಎಂದರು ಸಾಬರು. "ನಮ್ಮಿಬ್ಬರ ನಡುವ ಹುಳಿ ಹಿಂಡಾಕ ಬಂದಾನ, ಬಿಡಬ್ಯಾಡಲೇ!" ಎಂದು ಕನಕರಾಯ ಕೂಗಿದ. ನೀನು ಬಿಡಲಿಲ್ಲ. ಆ ಮೂಳೆಯ ಸದ್ದು ನನಗಿನ್ನೂ ಕೇಳಿಸುತ್ತದೆ. ನೆಲದ ಮೇಲಿನ ತೌಡು ರಕ್ತ ಕುಡಿದು ಉಂಡೆಯಾಗಿತ್ತು, ನಾನೇ ಬಳಿದೆ.

ಇವತ್ತು ಬೆಳಿಗ್ಗೆ ಕನಕರಾಯ ಅದೇ ಕರಾರು ಹಿಡಿದು, ಇಬ್ಬರನ್ನು ಕಟ್ಟಿಕೊಂಡು ಗಿರಣಿಗೆ ಬಂದ. "ಯವ್ವಾ, ತಮ್ಮ ಒಳಗದಾನ, ನೀನರ ಸಹಿ ಹಾಕು. ನಿನಗೂ ಒಂದು ಪಾಲು ಅದ" ಎಂದು ಹೆಗಲ ಟವೆಲ್ ಬಿಡಿಸಿ ಕೈ ಚಾಚಿದ. ಗಂಡಸರ ವ್ಯವಹಾರವೆಂದು ನನ್ನ ತನಕ ಯಾವತ್ತೂ ಬಾರದ ಟವೆಲ್ಲು! ಕೈ ಹಾಕಿದೆ. ನನ್ನ ಪಾಲೆಷ್ಟು ಎಂದು ತಿಳಿಸಲು ಅವನು ಬೆರಳು ಕೊಟ್ಟ. ನಾನು ಆ ಬೆರಳನ್ನು ಹಿಂದಕ್ಕೆ ಮಡಚಿದೆ. ಲಟಕ್ಕೆಂದಿತು. ಅವನು ಮಂಡಿಯೂರಿ ಅರಚುತ್ತಿದ್ದರೂ ಇನ್ನೊಂದನ್ನು ಹಿಡಿದೆ. ಹಮಾಲರು ಬಿಡಿಸದಿದ್ದರೆ ಐದೂ ಮುಗಿಸುತ್ತಿದ್ದೆ. ಸುಳ್ಳೇಕೆ ಹೇಳಲಿ, ಖುಷಿಯಾಯಿತು. ನಾವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ.

ಕರಾರನ್ನು ಒಲೆಗೆ ಹಾಕಿದೆ. ಸಾಬರಿಗೆ ಫೀ ಕಳಿಸಿದೆ, ಎಡಗೈಯಲ್ಲಿ ತೆಗೆದುಕೊಂಡರಂತೆ. ಇನ್ನು ಕರೆಂಟಿನ ಮಾತು ಅವರ ಹತ್ತಿರ ಮಾತ್ರ.

ತಣ್ಣಗಿರು. ದೇವರು ನಿನ್ನ ಕೈಗೂ ತಲೆಗೂ ನೆಂಟಸ್ತನ ಬೆಳೆಸಲಿ.

ನಿನ್ನ ಅಕ್ಕ,
ಹನುಮಂತಮ್ಮ

ತಾ.ಕ.: ಗಿರಣಿ ಬಾಗಿಲಿಗೆ ಪೊಲೀಸ್ ಜೀಪು ಬಂತು, ನನ್ನನ್ನು ಒಯ್ಯಲು. ಬೇಗ ಹೇಳಿಬಿಡುತ್ತೇನೆ. "ಸಿಟ್ಟಿನ ಹುಡುಗ, ಕೇಸ್ ವಾಪಸ್ ತಗೋತೀನಿ ಬಿಡ್ರಿ" ಎಂದಿದ್ದರು ಸಾಬರು. ವಾಪಸ್ ತೆಗೆದುಕೊಳ್ಳಬೇಡಿ ಎಂದು ಅವರ ಕಾಲು ಹಿಡಿದವಳು ನಾನೇ. ನಿನ್ನ ಜಾಮೀನಿಗೂ ನಾನು ಬರುವುದಿಲ್ಲ. ಅವರ ಕೈಯ ಪ್ಲಾಸ್ಟರ್ ಬಿಚ್ಚುವ ತನಕ ನೀನು ಅಲ್ಲೇ ಇರು. ಕನಕರಾಯನ ಬೆರಳು ಕೂಡುವ ತನಕ ನಾನೂ ಯಾರನ್ನೂ ಜಾಮೀನಿಗೆ ಕರೆಯುವುದಿಲ್ಲ.