ಭಾನುವಾರದ ಅಪ್‌ಡೇಟ್‌ಗೆ ಮೊದಲು

ಸಿಸಿಲಿಯಾ,

ಕಂಪ್ಯೂಟರ್ ತೆರೆದರೆ ಮತ್ತೆ ‘ಅಪ್‌ಡೇಟ್ ಮಾಡಲೇ?’ ಎಂದು ಕೇಳುತ್ತದೆ. ‘ಈಗ ಬೇಡ’ ಒತ್ತು. ಹೂಂ ಅಂದರೆ ಫೈಲುಗಳೆಲ್ಲ ಕ್ಲೌಡ್‌ಗೆ ಹೋಗಿ ನಮ್ಮಲ್ಲಿ ಬರೀ ಅವುಗಳ ಹೆಸರು ಉಳಿಯುತ್ತದಂತೆ, ನೆಟ್ ಇದ್ದರಷ್ಟೇ ತೆರೆಯುತ್ತವಂತೆ. ಅದರ ವಿವರವನ್ನೆಲ್ಲ ಕಣ್ಣು ಉರಿಯುವವರೆಗೆ ಓದಿದೆ. ಗಾಳಿ ಬೀಸಿದರೆ ಈ ದ್ವೀಪದಲ್ಲಿ ನೆಟ್ ಇರುವುದಿಲ್ಲ. ಅಜ್ಜನ ದನಿ ಉಳಿದಿರುವುದು ಅವರು ಹಾಡಿ, ಈ ಕಂಪ್ಯೂಟರಿನಲ್ಲಿ ಇಟ್ಟಿರುವ ಕೀರ್ತನೆಗಳಲ್ಲಿ ಮಾತ್ರ.

ಭಾನುವಾರ ಅದು ಕೇಳದೆಯೇ ಅಪ್‌ಡೇಟ್ ಆಗುತ್ತದೆ. ಅವತ್ತು ದೋಣಿಯಿಲ್ಲ, ನಾನು ನೆಯಾಫು ಸಂತೆಯಿಂದ ಬರುವುದು ಸೋಮವಾರವೇ. ಅಜ್ಜಿಯಂತೂ ಗುಂಡಿ ಮುಟ್ಟಲು ಬಿಡುವುದಿಲ್ಲ: “ದೇವ್ರ ದಿನ ಕೆಲಸ ಮಾಡ್ತೀಯೇನೇ? ಬೆರಳೂ ಕೈಯೇ ಕಣೇ.”

ಆದ್ದರಿಂದ ಇವತ್ತೇ, ಶನಿವಾರವೇ, ಎಲ್ಲವನ್ನೂ ಪೆನ್‌ಡ್ರೈವ್‌ಗೆ ಇಳಿಸು. ಫೋನ್ ಆಮೇಲೆ ನೋಡಬಹುದು.

ಬೇಯಿಸಿದ ಕೆಸುವಿನ ಗಡ್ಡೆ ಒಲೆಯ ಮೇಲಿದೆ.

ಇಳಿಸಿದ ಮೇಲೆ ಒಂದು ಹಾಡು ಹಾಕಿ ನೋಡು. ಚಾಪೆ ಹೆಣೆಯುತ್ತಿರುವ ಅಜ್ಜಿಯ ಕೈ ನಿಂತರೆ ಸರಿಯಾಗಿ ಬಂದಿದೆ ಎಂದು ತಿಳಿ.

ಅಮ್ಮ